ಪೆಟ್ಟಿಗೆಯೊಳಗೊಂದು ಯುದ್ಧನೌಕೆ

ಜಪಾನಿನ ಶಿಜುವೊಕಾ ಮರಗೆಲಸಕ್ಕೆ ಹೆಸರಾದ ಊರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಮರದ ವ್ಯಾಪಾರಕ್ಕಿಳಿದ ತಮಿಯಾ ಕಂಪನಿ ಮೊದಲು ಮರದ ಮಾದರಿಗಳನ್ನು ಮಾಡಿ ಮಾರಿತು. 1960ರಲ್ಲಿ ತನ್ನ ಮೊದಲ ಪ್ಲಾಸ್ಟಿಕ್ ಕಿಟ್‌ಗೆ ಅದು ಆರಿಸಿಕೊಂಡದ್ದು ‘ಯಮಾಟೊ’ ಯುದ್ಧನೌಕೆಯನ್ನು. ಮುಂದೆ 1971ರಲ್ಲಿ ಅದೇ ಊರಿನ ತಮಿಯಾ, ಹಸೆಗಾವಾ, ಅವೊಶಿಮಾ, ಫುಜಿಮಿ ಕಂಪನಿಗಳು ಪೈಪೋಟಿಯನ್ನು ಬದಿಗಿಟ್ಟು ಕೈಜೋಡಿಸಿದವು. ಹಡಗುಗಳನ್ನು ತಮ್ಮೊಳಗೆ ಹಂಚಿಕೊಂಡು, ಎಲ್ಲವನ್ನೂ 1:700 ಪ್ರಮಾಣದಲ್ಲಿ, ನೀರಿನ ಮೇಲೆ ಕಾಣುವಷ್ಟು ಭಾಗವನ್ನು ಮಾತ್ರ ಮಾಡುವುದೆಂದು ನಿಶ್ಚಯಿಸಿದವು. ‘ವಾಟರ್ ಲೈನ್ ಸರಣಿ’ ಹುಟ್ಟಿದ್ದು ಹೀಗೆ. ಒಂದು ಕಂಪನಿಯ ವಿಮಾನವಾಹಕ ನೌಕೆಯ ಪಕ್ಕದಲ್ಲಿ ಇನ್ನೊಂದು ಕಂಪನಿಯ ಡಿಸ್ಟ್ರಾಯರ್ ನಿಲ್ಲಿಸಿದರೂ ಅಳತೆ ತಪ್ಪುವುದಿಲ್ಲ. ಫುಜಿಮಿ 1992ರಲ್ಲಿ ಹೊರನಡೆದರೂ ಸರಣಿ ನಿಲ್ಲಲಿಲ್ಲ.

ಈಗ ಚೀನಾದ ಟ್ರಂಪೆಟರ್, ಫ್ಲೈಹಾಕ್‌ನಂಥ ಕಂಪನಿಗಳೂ ಸೇರಿ ಆಯ್ಕೆ ಬಹಳ ಬೆಳೆದಿದೆ. ಹೊಸಬರು ಪೆಟ್ಟಿಗೆಯ ಮೇಲಿನ ಅಬ್ಬರದ ಚಿತ್ರಕ್ಕೆ ಮನಸೋತು ಕಿಟ್ ಕೊಳ್ಳುವುದುಂಟು. ಆ ಚಿತ್ರ ಒಳಗಿನ ಗುಣಮಟ್ಟದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಪ್ರಮಾಣ ಎಷ್ಟು? ಅಚ್ಚು ಯಾವ ಕಾಲದ್ದು? ಹಡಗು ಯಾವ ವರ್ಷದ್ದು?

ಪ್ರಮಾಣ ಎಷ್ಟು?

ಯಮಾಟೊದ ಉದ್ದ 263 ಮೀಟರ್. 1:700ರಲ್ಲಿ ಅದು ಸುಮಾರು 38 ಸೆಂಟಿಮೀಟರ್, 1:350ರಲ್ಲಿ 75 ಸೆಂಟಿಮೀಟರ್. 1:200ಕ್ಕೆ ಹೋದರೆ ಒಂದೂಕಾಲು ಮೀಟರನ್ನೂ ಮೀರುತ್ತದೆ. ಕಪಾಟಿನ ಅಗಲ ಅಳೆದುಕೊಂಡೇ ಕಿಟ್ ಕೊಳ್ಳುವುದು ಜಾಣತನ.

ಜಾಗದಷ್ಟೇ ಮುಖ್ಯವಾದದ್ದು ಪ್ಲಾಸ್ಟಿಕ್ಕಿನ ಮಿತಿ. 1:700ರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಅಂಚು ನಿಜವಾದ ಹಡಗಿನಲ್ಲಿ 35 ಸೆಂಟಿಮೀಟರ್ ದಪ್ಪದ ಉಕ್ಕಿಗೆ ಸಮ. ಒಂದು ಮೀಟರ್ ಎತ್ತರದ ಕಟಕಟೆ ಈ ಪ್ರಮಾಣದಲ್ಲಿ ಒಂದೂವರೆ ಮಿಲಿಮೀಟರ್‌ಗೂ ಕಡಿಮೆ. ಅದರ ಸರಳುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಅಷ್ಟು ತೆಳ್ಳಗೆ ಎರಕ ಹೊಯ್ಯುವುದು ಸಾಧ್ಯವಿಲ್ಲ. ಆದ್ದರಿಂದ ಕಟಕಟೆ, ರೇಡಾರ್, ಏಣಿಗಳನ್ನು ತೆಳು ಹಿತ್ತಾಳೆ ತಗಡಿನಲ್ಲಿ ರಾಸಾಯನಿಕದಿಂದ ಕೊರೆದು ಕೊಡುತ್ತಾರೆ. ಕೆಲವು ಕಿಟ್‌ಗಳಲ್ಲಿ ಇವು ಜೊತೆಗೇ ಬರುತ್ತವೆ, ಕೆಲವಕ್ಕೆ ಬೇರೆಯಾಗಿ ಕೊಳ್ಳಬೇಕು. ಬೆಲೆ ಹೋಲಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಚ್ಚು ಯಾವ ಕಾಲದ್ದು?

ಕಿಟ್ಟಿನ ಗುಣ ನಿರ್ಧಾರವಾಗುವುದು ಉಕ್ಕಿನ ಅಚ್ಚಿನಲ್ಲಿ. ಅಚ್ಚು ಮಾಡಲು ಬಹಳ ಹಣ ಬೇಕಾಗುವುದರಿಂದ ಕಂಪನಿಗಳು ಅದನ್ನು ದಶಕಗಟ್ಟಲೆ ಬಳಸುತ್ತವೆ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ 1:600 ಪ್ರಮಾಣದ ‘ಹುಡ್’ 1960ರ ದಶಕದ ಅಚ್ಚು. ಹೊಸ ಹೊಸ ಪೆಟ್ಟಿಗೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ತಮಿಯಾದ 1:350 ಯಮಾಟೊ ಹಳೆಯದೂ ಇದೆ, 2011ರ ಹೊಸ ಅಚ್ಚಿನದೂ ಇದೆ. ಹೆಸರೊಂದೇ ಆದರೂ ಇವು ಬೇರೆ ಬೇರೆ ಕಿಟ್‌ಗಳು.

ಸವೆದ ಅಚ್ಚಿನ ಗುರುತು ಬಿಡಿಭಾಗಗಳ ಅಂಚಿನಲ್ಲೇ ಕಾಣುತ್ತದೆ. ಅಚ್ಚಿನ ಎರಡು ಹೋಳುಗಳು ಬಿಗಿಯಾಗಿ ಕೂಡದಿದ್ದಾಗ ಕರಗಿದ ಪ್ಲಾಸ್ಟಿಕ್ ಸಂದಿನಿಂದ ಜಿನುಗಿ ತೆಳು ಪೊರೆಯಾಗಿ ಉಳಿಯುತ್ತದೆ. ದಪ್ಪ ಭಾಗಗಳು ಆರುವಾಗ ಕುಗ್ಗಿ ಮೇಲ್ಮೈಯಲ್ಲಿ ಗುಳಿ ಬೀಳುವುದು ಇನ್ನೊಂದು ದೋಷ. ಹಡಗಿನ ಒಡಲನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ಡೊಂಕಿದ್ದರೆ ಡೆಕ್ ಕೂರಿಸುವಾಗ ಬಿರುಕು ಗ್ಯಾರಂಟಿ. ಲಂಗರಿನ ಸರಪಳಿಯಲ್ಲಿ ಕೊಂಡಿಗಳು ಬಿಡಿಬಿಡಿಯಾಗಿ ಕಾಣಬೇಕು. ಹೊಸ ಕಿಟ್‌ಗಳಲ್ಲಿ ಬದಿಯಿಂದ ಜಾರಿ ಬರುವ ಹೆಚ್ಚುವರಿ ಅಚ್ಚಿನ ತುಂಡುಗಳಿರುವುದರಿಂದ ಫಿರಂಗಿಯ ಬಾಯನ್ನು ಟೊಳ್ಳಾಗಿಯೇ ಎರಕ ಹೊಯ್ಯಬಹುದು. ಇಷ್ಟು ಚೆನ್ನಾಗಿದ್ದರೆ ಕಟ್ಟುವವರ ಸಮಯ ಉಜ್ಜುವುದರಲ್ಲಿ ಕಳೆದುಹೋಗದೆ ಜೋಡಣೆಗೂ ಬಣ್ಣಕ್ಕೂ ಸಿಗುತ್ತದೆ.

ಹಡಗು ಯಾವ ವರ್ಷದ್ದು?

ಈ ಪ್ರಶ್ನೆಯನ್ನು ಹೊಸಬರು ಕೇಳುವುದೇ ಅಪರೂಪ. ಆದರೆ ಈ ಹವ್ಯಾಸದ ಜೀವಾಳವೇ ಇದು. ಯುದ್ಧನೌಕೆ ಕಟ್ಟಿದ ದಿನ ಇದ್ದಂತೆ ಕೊನೆಯವರೆಗೂ ಇರುವುದಿಲ್ಲ. ಯಮಾಟೊ 1941ರ ಕೊನೆಯಲ್ಲಿ ಸೇವೆಗೆ ಬಂದಾಗ ಅದರ ಎರಡು ಪಕ್ಕಗಳಲ್ಲಿ 15.5 ಸೆಂಟಿಮೀಟರಿನ ಫಿರಂಗಿ ಗೋಪುರಗಳಿದ್ದವು. ಶತ್ರುವಿಮಾನಗಳ ಹಾವಳಿ ಹೆಚ್ಚಿದಾಗ, 1944ರಲ್ಲಿ ಅವನ್ನು ಕಿತ್ತು ವಿಮಾನನಿರೋಧಕ ತೋಪುಗಳನ್ನು ತುಂಬಿದರು. 1945ರ ಏಪ್ರಿಲ್ 7ರಂದು ಅಮೆರಿಕದ ವಿಮಾನಗಳ ದಾಳಿಗೆ ಮುಳುಗಿದ್ದು ಈ ಎರಡನೆಯ ರೂಪದ ಯಮಾಟೊ. ಒಳ್ಳೆಯ ಕಿಟ್ ತಾನು ಯಾವ ವರ್ಷದ ಹಡಗೆಂದು ಸ್ಪಷ್ಟವಾಗಿ ಹೇಳುತ್ತದೆ; ಬಣ್ಣದ ಸೂಚನೆಯನ್ನೂ ಅದಕ್ಕೆ ತಕ್ಕಂತೆ ಕೊಡುತ್ತದೆ.

ಇದನ್ನು ಕಣ್ಣಾರೆ ಅರಿಯಲು ಕನ್ನಡಿಗರಿಗೆ ಕಾರವಾರವಿದೆ. ಅಲ್ಲಿನ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಐಎನ್‌ಎಸ್ ಚಪಲ್’ ಸೋವಿಯತ್ ವಿನ್ಯಾಸದ ಓಸಾ ವರ್ಗದ ಕ್ಷಿಪಣಿ ದೋಣಿ. ಓಸಾ-1ರ ಕ್ಷಿಪಣಿ ಗೂಡುಗಳು ಪೆಟ್ಟಿಗೆಯಾಕಾರದವು, ಓಸಾ-2ರವು ದುಂಡಗಿನ ಕೊಳವೆಗಳು. ಚಪಲ್ ಎರಡನೆಯ ಬಗೆಯದು. ಸುಮಾರು 38 ಮೀಟರ್ ಉದ್ದದ ಈ ದೋಣಿ 1:700ರಲ್ಲಿ ಬೆರಳುದ್ದವೂ ಬರುವುದಿಲ್ಲ. 1:72ರಲ್ಲಾದರೆ ಅರ್ಧ ಮೀಟರ್ ಮೀರುತ್ತದೆ, ವಿವರಗಳಿಗೂ ಜಾಗ ಸಿಗುತ್ತದೆ. ಚಪಲ್ ಕಟ್ಟಬೇಕೆನ್ನುವವರು ದೊಡ್ಡ ಪ್ರಮಾಣದ ಓಸಾ-2 ಕಿಟ್ಟನ್ನೇ ಹುಡುಕಬೇಕು. ಡೆಕ್ಕಿನ ಮೇಲೆ ಓಡಾಡಿ ಎಲ್ಲ ಕಡೆಯಿಂದ ಫೋಟೊ ತೆಗೆದುಕೊಂಡು ಬಂದರೆ ಕೈಪಿಡಿಯಲ್ಲಿ ಸಿಗದ ವಿವರವೂ ಸಿಗುತ್ತದೆ.

ಮೊದಲ ಸಲ ಕಟ್ಟುವವರು ದೈತ್ಯ ನೌಕೆಗೆ ಕೈಹಾಕದಿರುವುದು ಒಳ್ಳೆಯದು. ಅಮೆರಿಕದ ಫ್ಲೆಚರ್ ವರ್ಗದ ಡಿಸ್ಟ್ರಾಯರ್ 1:700ರಲ್ಲಿ ಹದಿನಾರು ಸೆಂಟಿಮೀಟರ್ ಅಷ್ಟೆ. ಭಾಗಗಳು ಕಡಿಮೆ, ಮುಗಿಸುವ ಧೈರ್ಯ ಉಳಿಯುತ್ತದೆ. ಕತ್ತರಿಸುವುದು, ಅಂಟಿಸುವುದು, ಸಂದು ಮುಚ್ಚುವುದು, ಬಣ್ಣ ಹಚ್ಚುವುದು ಎಲ್ಲವೂ ಆ ಒಂದರಲ್ಲೇ ರೂಢಿಯಾಗುತ್ತದೆ. ಹಿತ್ತಾಳೆಯ ಕಟಕಟೆಯನ್ನು ಎರಡನೆಯ ಹಡಗಿಗೆ ಇಟ್ಟುಕೊಳ್ಳಿ. ಯಾವ ಹಡಗೇ ಆಗಲಿ, ಕಿಟ್ ಕೊಳ್ಳುವ ಮೊದಲು ಅದರ ಚರಿತ್ರೆಯನ್ನು ಓದಿ. ಹಡಗನ್ನು ಬಲ್ಲವರಿಗೆ ಒಳ್ಳೆಯ ಕಿಟ್ಟನ್ನು ಗುರುತಿಸುವುದು ಕಷ್ಟವಲ್ಲ.