ಹೂವಿನ ಹೆಸರಿನ ಹೆಣ್ಣುಮಕ್ಕಳು

ಜಪಾನಿನ ಬಯಲುಗಳಲ್ಲಿಯೂ ಹೊಳೆಯ ದಂಡೆಗಳಲ್ಲಿಯೂ ತಾನಾಗಿ ಬೆಳೆಯುವ ಒಂದು ಪುಟ್ಟ ಗಿಡವುಂಟು. ಅದರ ಹೂವು ನಸುಗೆಂಪು. ಎಸಳಿನ ಅಂಚು ಕತ್ತರಿಯಿಂದ ಸೀಳಿದಂತೆ ಎಳೆಯೆಳೆ. ಅದಕ್ಕೆ ನದೆಶಿಕೊ ಎಂದು ಹೆಸರು. ಎಂಟನೆಯ ಶತಮಾನದಲ್ಲಿ ಸಂಕಲಿತವಾದ ‘ಮನ್ಯೋಶೂ’ ಎಂಬ ಪ್ರಾಚೀನ ಕವನಸಂಗ್ರಹದಲ್ಲಿ ಶರತ್ಕಾಲದ ಏಳು ಹೂಗಳನ್ನು ಹೆಸರಿಸಿರುವ ಓಕುರಾ ಕವಿ ಇದನ್ನೂ ಆ ಸಾಲಿಗೆ ಸೇರಿಸಿದ್ದಾನೆ. ಕಾಲ ಕಳೆದಂತೆ ಹೂವಿನ ಹೆಸರು ಹೆಣ್ಣಿಗೂ ಅಂಟಿತು. ‘ಯಮಾತೊ ನದೆಶಿಕೊ’ ಎಂದರೆ ಮೆಲುಮಾತಿನ, ತಗ್ಗಿ ಬಗ್ಗಿ ನಡೆಯುವ, ಕಷ್ಟ ಬಂದರೆ ಹಲ್ಲುಕಚ್ಚಿ ಸಹಿಸುವ ಆದರ್ಶ ಜಪಾನೀ ಸ್ತ್ರೀ.

2004ರಲ್ಲಿ ಆ ದೇಶದ ಹೆಂಗಸರ ಕಾಲ್ಚೆಂಡಾಟದ ತಂಡಕ್ಕೆ ಒಂದು ಅಡ್ಡಹೆಸರು ಬೇಕೆಂದು ಸಾರ್ವಜನಿಕರನ್ನೇ ಕೇಳಿದಾಗ ಕಡೆಗೆ ಆಯ್ಕೆಯಾದದ್ದು ‘ನದೆಶಿಕೊ ಜಪಾನ್’. ಮುಂದೆ ಅವರ ಲೀಗ್ ಪಂದ್ಯಮಾಲೆಗೂ ನದೆಶಿಕೊ ಲೀಗ್ ಎಂಬ ಹೆಸರೇ ನಿಂತಿತು. ಮಂಡಿಗೆ ಪಟ್ಟಿ ಬಿಗಿದು, ಮೊಳೆಯ ಬೂಟು ತೊಟ್ಟು, ಕೆಸರಿನಲ್ಲಿ ಜಾರಿ ಬಿದ್ದು ಏಳುವ ಹುಡುಗಿಯರಿಗೆ ಲಜ್ಜಾವತಿಯ ಹೆಸರು! ತಮಾಷೆ ಮಾಡುವ ಉದ್ದೇಶವಿದ್ದಿತೆ, ಅಥವಾ ಹೆಸರಿನ ಅರ್ಥವನ್ನೇ ತಿರುಗಿಸುವ ಹಂಚಿಕೆಯೆ, ನಾನು ಹೇಳಲಾರೆ. ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ತರಗತಿಯಲ್ಲಿ ಪಾಠ ಹೇಳುವಾಗ ಪ್ರಮೀಳೆಯ ಪ್ರಸಂಗ ಬಂದರೆ ಹಿಂದಿನ ಬೆಂಚುಗಳಲ್ಲಿ ಕಿಸಕ್ಕನೆ ನಗೆ ಕೇಳಿಸುವುದುಂಟು. ಅರ್ಜುನನ ಕುದುರೆಯನ್ನು ಹೆಂಗಸರು ಕಟ್ಟಿಹಾಕುವುದೆಂದರೆ ನಮ್ಮ ಹುಡುಗರಿಗೆ ಇನ್ನೂ ನಗೆಯ ಮಾತು. ಅಂಥವರಿಗೆ 2011ರ ಜಪಾನಿನ ಕಥೆಯನ್ನು ಹೇಳುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಆ ವರ್ಷಕ್ಕೆ ಬರುವ ಮುನ್ನ ಹಿಂದಿನ ಸಂಗತಿ ಸ್ವಲ್ಪ ತಿಳಿದಿರಬೇಕು. ಜಪಾನಿನಲ್ಲಿ ವನಿತೆಯರ ಲೀಗ್ ಆರಂಭವಾದದ್ದು 1989ರಲ್ಲಿ, ಆರು ತಂಡಗಳೊಂದಿಗೆ. ಅದು ಆ ದೇಶದಲ್ಲಿ ಹಣ ಹೊಳೆಯಾಗಿ ಹರಿಯುತ್ತಿದ್ದ ಕಾಲ. ಹಂದಿಮಾಂಸದ ತಿನಿಸು ಮಾಡುವ ಕಂಪೆನಿ, ಮುತ್ತಿನ ವ್ಯಾಪಾರದ ಕಂಪೆನಿ, ಷೇರು ದಲ್ಲಾಳಿ ಕಂಪೆನಿ, ಹೀಗೆ ಒಂದೊಂದು ವ್ಯಾಪಾರಸಂಸ್ಥೆ ಒಂದೊಂದು ತಂಡವನ್ನು ಸಾಕಿತು. ನಾರ್ವೆಯ ಪ್ರಸಿದ್ಧ ಆಟಗಾರ್ತಿ ಹೇಗೆ ರೀಸೆಯಂಥವರು ಕೂಡ ಅಲ್ಲಿಗೆ ಬಂದು ಆಡಿದರು. ಹೊಳೆ ಬತ್ತಿದ ಮೇಲೆ ಸಾಕಿದವರೇ ಕೈಬಿಟ್ಟರು. ನಿಕ್ಕೊ ಎಂಬ ಷೇರು ಕಂಪೆನಿಯ ತಂಡ 1996, 1997, 1998 ಮೂರು ವರ್ಷವೂ ಎಡೆಬಿಡದೆ ಪ್ರಶಸ್ತಿ ಗೆದ್ದು, ಮೂರನೆಯ ಗೆಲುವಿನ ವರ್ಷವೇ ವಿಸರ್ಜನೆಗೊಂಡಿತು. ಗೆದ್ದ ತಂಡದ ಗತಿಯೇ ಹೀಗಾದರೆ ಉಳಿದವರ ಪಾಡೇನು? 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಜಪಾನಿನ ವನಿತೆಯರು ಅರ್ಹತೆಯನ್ನೇ ಪಡೆಯಲಿಲ್ಲ. ಕೋಬೆ ನಗರದ ಮುತ್ತಿನ ಕಂಪೆನಿ ಮಾತ್ರ 2008ರವರೆಗೆ ಹೇಗೋ ತನ್ನ ತಂಡವನ್ನು ಕಾಪಾಡಿಕೊಂಡು ಬಂದು, ಕಡೆಗೆ ಅದೂ ಕೈಚೆಲ್ಲಿತು.

ಲೀಗಿನಲ್ಲಿ ಉಳಿದ ಹುಡುಗಿಯರು ಆಟವನ್ನು ಬಿಡಲಿಲ್ಲ. ಹೊಟ್ಟೆಪಾಡಿಗೆ ಕೆಲಸ ಹಿಡಿದರು. ಹಗಲು ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿಮೆ, ಸಂಜೆ ದೀಪದ ಬೆಳಕಿನಲ್ಲಿ ಅಭ್ಯಾಸ, ಭಾನುವಾರ ಪಂದ್ಯ. 2010ರಲ್ಲಿ ಒಂದು ಪಂದ್ಯಕ್ಕೆ ಬರುತ್ತಿದ್ದ ಪ್ರೇಕ್ಷಕರ ಸರಾಸರಿ ಸಂಖ್ಯೆ ಸಾವಿರವನ್ನೂ ಮುಟ್ಟುತ್ತಿರಲಿಲ್ಲ. ತಂಡಗಳ ಹೆಸರುಗಳು ಮಾತ್ರ ಕೇಳಲು ಸೊಗಸು. ನಿಂಜಾ ಗೂಢಚಾರರ ತವರಾದ ಇಗಾ ಊರಿನ ತಂಡಕ್ಕೆ ‘ಕುನೊಇಚಿ’, ಎಂದರೆ ಹೆಣ್ಣು ನಿಂಜಾ ಎಂದು ಹೆಸರು. ಕೋಬೆಯ ಹೊಸ ತಂಡದ್ದು ‘ಐನಾಕ್ ಲಿಯೊನೆಸ್ಸಾ’, ಇಟಲಿಯ ಭಾಷೆಯಲ್ಲಿ ಸಿಂಹಿಣಿ. ಯುನೊಗೊ ಎಂಬ ಬಿಸಿನೀರಿನ ಬುಗ್ಗೆಗಳ ಸಣ್ಣ ಊರಿನದೂ ಒಂದು ತಂಡ. ಅದರ ನಾಯಕಿ ಅಯಾ ಮಿಯಾಮಾಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನೊಂದು ತಂಡ ‘ಮರೀಜ್’. ಅದರದು ಬೇರೆಯೇ ಬಗೆ. ತೋಕ್ಯೋ ವಿದ್ಯುತ್ ಕಂಪೆನಿ ನಡೆಸುತ್ತಿದ್ದ ಈ ತಂಡದ ಹುಡುಗಿಯರು ಫುಕುಶಿಮಾ ಜಿಲ್ಲೆಯ ಕಡಲ ತಡಿಯಲ್ಲಿ ನೆಲೆಸಿದ್ದರು. ಅಲ್ಲಿನ ‘ಜೆ ವಿಲೇಜ್’ 1997ರಲ್ಲಿ ತೆರೆದ, ಹಸುರು ಹುಲ್ಲಿನ ಹಲವು ಮೈದಾನಗಳುಳ್ಳ ರಾಷ್ಟ್ರೀಯ ತರಬೇತಿ ಕೇಂದ್ರ. ಅದರಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಕಂಪೆನಿಯ ಅಣುವಿದ್ಯುತ್ ಸ್ಥಾವರ. ಆಟಗಾರ್ತಿಯರಿಗೆ ಕಂಪೆನಿಯಲ್ಲಿಯೇ ನೌಕರಿ. ಮುಂಚೂಣಿಯ ಆಟಗಾರ್ತಿ ಕರೀನಾ ಮರುಯಾಮಾ 2009ರವರೆಗೆ ಆ ತಂಡದಲ್ಲಿದ್ದು ಸ್ಥಾವರದಲ್ಲಿ ಕೆಲಸ ಮಾಡಿದವಳು. ರಕ್ಷಣೆಯ ಸಾಲಿನ ಅಯಾ ಸಮೆಶಿಮಾ ಕೂಡ ಅಲ್ಲಿಯೇ ದುಡಿಯುತ್ತಿದ್ದಳು. ಅಣುಸ್ಥಾವರದ ಗುಮಾಸ್ತೆಯಾಗಿದ್ದುಕೊಂಡು ಸಂಜೆ ಚೆಂಡನ್ನು ಒದೆಯುವ ಜೀವನ ನಮಗೆ ವಿಚಿತ್ರವಾಗಿ ಕಾಣಬಹುದು. ಅವರಿಗೆ ಅದು ನೆಮ್ಮದಿಯ ಬದುಕಾಗಿತ್ತು. ಸಂಬಳ ಬರುತ್ತಿತ್ತು, ಮೈದಾನ ಹತ್ತಿರವಿತ್ತು.

2011ರ ಮಾರ್ಚ್ 11, ಶುಕ್ರವಾರ. ಏಪ್ರಿಲಿನಲ್ಲಿ ಆರಂಭವಾಗಬೇಕಾಗಿದ್ದ ಲೀಗಿಗಾಗಿ ಮರೀಜ್ ತಂಡ ದಕ್ಷಿಣದ ಕ್ಯೂಶೂ ದ್ವೀಪದ ಮಿಯಾಜಾಕಿಯಲ್ಲಿ ಬಿಡಾರ ಹೂಡಿ ಅಭ್ಯಾಸ ನಡೆಸಿತ್ತು. ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಈಶಾನ್ಯ ಜಪಾನಿನ ಕಡಲ ತಳ ಅದುರಿತು. ಭೂಕಂಪದ ಪ್ರಮಾಣ 9.0. ಹಿಂದೆಯೇ ಎದ್ದ ಸುನಾಮಿ ಅಲೆಗಳಿಗೆ ಸತ್ತವರು, ಕಾಣೆಯಾದವರು ಸೇರಿ 18,000ಕ್ಕೂ ಹೆಚ್ಚು ಜನ. ಸ್ಥಾವರಕ್ಕೆ ನೀರು ನುಗ್ಗಿ, ಯಂತ್ರಗಳನ್ನು ತಣಿಸುವ ವಿದ್ಯುತ್ತು ನಿಂತು, ಮುಂದೆ ಆದದ್ದನ್ನು ಲೋಕವೇ ಬಲ್ಲದು. ಹುಡುಗಿಯರು ಹಿಂತಿರುಗಲು ಊರೇ ಇರಲಿಲ್ಲ. ಜನವಸತಿ ತೆರವಾಯಿತು. ಜೆ ವಿಲೇಜಿನ ಹುಲ್ಲಿನ ಮೇಲೆ ಲಾರಿಗಳು ನಿಂತವು. ಸ್ಥಾವರದೊಳಕ್ಕೆ ಹೋಗುವ ಕೆಲಸಗಾರರು ಮೈಮುಚ್ಚುವ ಬಿಳಿಯ ಉಡುಪು ಧರಿಸಿ ಹೊರಡುವ ಠಾಣ್ಯ ಅದಾಯಿತು. ತಂಡದ ಚಟುವಟಿಕೆಯನ್ನು ಕಂಪೆನಿ ನಿಲ್ಲಿಸಿತು. ಆಟಗಾರ್ತಿಯರು ಒಬ್ಬೊಬ್ಬರಾಗಿ ತಂತಮ್ಮ ಮನೆಗಳಿಗೆ ಚದುರಿಹೋದರು.

ಇಂಥ ವರ್ಷದಲ್ಲಿ ಲೀಗ್ ನಡೆಯಬೇಕೆ? ಶವಗಳನ್ನು ಇನ್ನೂ ಹುಡುಕುತ್ತಿರುವಾಗ ಚೆಂಡಾಟವೆ? ಪ್ರಶ್ನೆ ಸಹಜವೇ. ಆದರೂ ಏಪ್ರಿಲ್ ತಿಂಗಳ ಕೊನೆಗೆ, ಉಳಿದ ಒಂಬತ್ತು ತಂಡಗಳಿಂದ ಆಟ ಆರಂಭವಾಯಿತು. ಪ್ರತಿಯೊಂದು ತಂಡಕ್ಕೂ ಹದಿನಾರು ಪಂದ್ಯ. ಆ ಸಲ ಎಲ್ಲರ ಕಣ್ಣು ಕೋಬೆಯ ಮೇಲೆ. ಏಕೆಂದರೆ ತೋಕ್ಯೋವಿನ ಹಳೆಯ ಹೆಸರಾಂತ ತಂಡ ಬೆಲೆಜಾ ಹಣದ ಬಿಗಿಗೆ ಸಿಕ್ಕಿ ಆಟಗಾರ್ತಿಯರ ಒಪ್ಪಂದಗಳನ್ನು ಕಡಿಮೆ ಮಾಡಿದಾಗ ಹೊಮಾರೆ ಸಾವಾ, ಶಿನೊಬು ಓನೊ, ಯುಕಾರಿ ಕಿಂಗಾ ಮೊದಲಾದ ನಾಲ್ವರು ಕೋಬೆಗೆ ಹೊರಟುಬಂದಿದ್ದರು. ಸಾವಾ ಹನ್ನೆರಡನೆಯ ವಯಸ್ಸಿಗೇ ಬೆಲೆಜಾದಲ್ಲಿ ಆಡಿದವಳು. ಹದಿನೈದಕ್ಕೆ ದೇಶದ ತಂಡ ಸೇರಿ ಮೊದಲ ಪಂದ್ಯದಲ್ಲಿಯೇ ಫಿಲಿಪೈನ್ಸ್ ವಿರುದ್ಧ ನಾಲ್ಕು ಗೋಲು ಹೊಡೆದವಳು. ಈಗ ವಯಸ್ಸು ಮೂವತ್ತೆರಡು. ನಮ್ಮ ಕಡೆಯಾದರೆ ನೆಂಟರೆಲ್ಲ ಸೇರಿ ‘ಇನ್ನು ಸಾಕು ತಾಯಿ’ ಎನ್ನುವ ವಯಸ್ಸು.

ಕೆಲವೇ ಪಂದ್ಯಗಳು ಮುಗಿದಿದ್ದವು. ಲೀಗಿಗೆ ವಿರಾಮ ಕೊಟ್ಟು ಇಪ್ಪತ್ತೊಂದು ಮಂದಿ ಜರ್ಮನಿಯ ವಿಶ್ವಕಪ್ಪಿಗೆ ಹೊರಟರು. ಅವರಲ್ಲಿ ಏಳು ಜನ ಕೋಬೆ ತಂಡದವರು. ಮರುಯಾಮಾ ಇದ್ದಳು, ಸಮೆಶಿಮಾ ಕೂಡ ಇದ್ದಳು. ಊರೂ ತಂಡವೂ ಇಲ್ಲದಾದ ಸಮೆಶಿಮಾ ಅಷ್ಟರಲ್ಲಿ ಅಮೆರಿಕದ ಬಾಸ್ಟನ್ ಕ್ಲಬ್ಬನ್ನು ಸೇರಿಕೊಂಡಿದ್ದಳು.

ಜುಲೈ 9ರಂದು ವುಲ್ಫ್ಸ್‌ಬರ್ಗ್ ನಗರದಲ್ಲಿ ಆತಿಥೇಯ ಜರ್ಮನಿಯೊಡನೆ ಎಂಟರ ಘಟ್ಟದ ಪಂದ್ಯ. ಜರ್ಮನಿ ಎಂದರೆ 2003, 2007 ಎರಡು ಬಾರಿಯೂ ವಿಶ್ವಕಪ್ ಎತ್ತಿದ ದೇಶ. ತರಬೇತುದಾರ ನೊರಿಯೊ ಸಾಸಾಕಿ ಪಂದ್ಯಕ್ಕೆ ಮುನ್ನ ತನ್ನ ಹುಡುಗಿಯರಿಗೆ ಭೂಕಂಪಪೀಡಿತ ಊರುಗಳ ಚಿತ್ರಗಳನ್ನು ತೋರಿಸಿದನೆಂದು ಆಗಿನ ಪತ್ರಿಕೆಗಳು ಬರೆದವು. ನಿಗದಿಯಾದ ಹೊತ್ತಿನಲ್ಲಿ ಗೋಲಿಲ್ಲ. ಹೆಚ್ಚುವರಿ ಆಟದ 108ನೆಯ ನಿಮಿಷದಲ್ಲಿ ಸಾವಾ ಎತ್ತಿ ಕೊಟ್ಟ ಚೆಂಡಿನ ಹಿಂದೆ ಓಡಿದವಳು, ಬದಲಿ ಆಟಗಾರ್ತಿಯಾಗಿ ಕಣಕ್ಕಿಳಿದಿದ್ದ ಮರುಯಾಮಾ. ಓರೆಯಾದ ಕೋನದಿಂದ ಒದ್ದಳು. ಚೆಂಡು ಬಲೆ ಸೇರಿತು. ಫುಕುಶಿಮಾ ಸ್ಥಾವರದ ಮಾಜಿ ನೌಕರಳ ಆ ಒಂದು ಒದೆತಕ್ಕೆ ಜರ್ಮನಿ ಮನೆಗೆ ಹೋಯಿತು. ಕಥೆಗಾರನು ಇಂಥದ್ದನ್ನು ಬರೆದಿದ್ದರೆ ‘ಅತಿಯಾಯಿತು’ ಎಂದು ಸಂಪಾದಕರು ಹಸ್ತಪ್ರತಿಯನ್ನು ಹಿಂದಕ್ಕೆ ಕಳುಹಿಸುತ್ತಿದ್ದರು.

ಸೆಮಿಫೈನಲಿನಲ್ಲಿ ಸ್ವೀಡನ್ 3-1ರಿಂದ ಸೋತಿತು. ಎರಡು ಗೋಲು ಕೋಬೆಯ ನಹೋಮಿ ಕವಸುಮಿಯವು. ಜುಲೈ 17ರ ಫೈನಲ್ ಫ್ರಾಂಕ್‌ಫರ್ಟಿನಲ್ಲಿ, ಅಮೆರಿಕದ ಎದುರು. ಅಮೆರಿಕವನ್ನು ಜಪಾನಿನ ವನಿತೆಯರು ಅದುವರೆಗೆ ಒಮ್ಮೆಯೂ ಸೋಲಿಸಿರಲಿಲ್ಲ. ಎರಡು ಸಲ ಅಮೆರಿಕ ಮುಂದೆ ಹೋಯಿತು. ಎರಡು ಸಲವೂ ಜಪಾನ್ ಹಿಡಿದು ನಿಲ್ಲಿಸಿತು. ಮೊದಲನೆಯದು 81ನೆಯ ನಿಮಿಷದಲ್ಲಿ, ಬಿಸಿನೀರಿನ ಊರಿನ ಮಿಯಾಮಾಳಿಂದ. ಎರಡನೆಯದಕ್ಕೆ ಆಟ ಮುಗಿಯಲು ಮೂರೇ ನಿಮಿಷವಿತ್ತು. ಮಿಯಾಮಾ ಮೂಲೆಯಿಂದ ಒದ್ದ ಚೆಂಡು ತಗ್ಗಾಗಿ ಬಂದಿತು. ಗೋಲಿಗೆ ಬಹುಮಟ್ಟಿಗೆ ಬೆನ್ನು ತಿರುಗಿಸಿ ಓಡಿಬಂದ ಸಾವಾ ಬಲಗಾಲಿನ ಹೊರಮೈಯಿಂದ ಅದನ್ನು ತಾಗಿಸಿದಳು. ಸರಿಸಮ. ಪೆನಾಲ್ಟಿ ಒದೆತಗಳಲ್ಲಿ ಗೋಲ್ ಕೀಪರ್ ಅಯುಮಿ ಕೈಹೊರಿ ಎರಡನ್ನು ತಡೆದಳು; ಅದರಲ್ಲಿ ಮೊದಲನೆಯದನ್ನು ಕಾಲಿನಿಂದ! ಇಪ್ಪತ್ತರ ಹುಡುಗಿ ಸಾಕಿ ಕುಮಗಾಯ್ ಕಡೆಯ ಒದೆತವನ್ನು ಬಲೆಯ ಮೇಲ್ಮೂಲೆಗೆ ಕಳುಹಿಸಿದಾಗ 3-1. ದಾಖಲೆಯ ಪುಸ್ತಕದಲ್ಲಿ ಆ ಪಂದ್ಯ 2-2 ‘ಸಮ’ ಎಂದೇ ಬರೆದಿರುತ್ತದೆ. ಕಪ್ ಮಾತ್ರ ಜಪಾನಿಗೆ. ಐದು ಗೋಲುಗಳೊಂದಿಗೆ ಅತಿ ಹೆಚ್ಚು ಗೋಲಿನ ಬಹುಮಾನವೂ, ಶ್ರೇಷ್ಠ ಆಟಗಾರ್ತಿಯ ಬಹುಮಾನವೂ ಸಾವಾಳಿಗೇ ಸಂದವು. ನೆರವಿಗಾಗಿ ಲೋಕದ ಮಿತ್ರರಿಗೆಲ್ಲ ಕೃತಜ್ಞತೆ ಹೇಳುವ ಅಗಲವಾದ ಬಟ್ಟೆಯನ್ನು ಹಿಡಿದುಕೊಂಡು ತಂಡದವರು ಮೈದಾನವನ್ನು ಸುತ್ತಿದರು.

ಇಲ್ಲಿಗೆ ಕಥೆ ಮುಗಿಯಿತೆಂದು ಸಿನಿಮಾದವರು ‘ಶುಭಂ’ ಹಾಕಿಯಾರು. ನನಗೆ ಹೆಚ್ಚು ರುಚಿಸುವುದು ಆಮೇಲಿನದು. ವಿಶ್ವವಿಜಯಿಗಳಾದ ಒಂದೇ ವಾರಕ್ಕೆ, ಜುಲೈ 24ರಂದು, ಅದೇ ಹುಡುಗಿಯರು ಅದೇ ಲೀಗಿನ ಪಂದ್ಯವನ್ನಾಡಲು ಕೋಬೆಯ ಮೈದಾನಕ್ಕೆ ಇಳಿದರು. ಎದುರಾಳಿ ಮರುಯಾಮಾ ಸೇರಿದ್ದ ಚಿಬಾ ತಂಡ. ಹಿಂದೆ ಆಟಗಾರ್ತಿಯರ ತಂದೆತಾಯಿಗಳೂ ಒಂದಿಷ್ಟು ಗೆಳತಿಯರೂ ಕೂಡುತ್ತಿದ್ದ ಲೀಗ್ ಪಂದ್ಯಕ್ಕೆ ಅಂದು ಬಂದ ಜನ 17,812. ಅದುವರೆಗಿನ ಲೀಗಿನ ಇತಿಹಾಸದಲ್ಲಿಯೇ ಅಷ್ಟು ಜನ ನೆರೆದಿರಲಿಲ್ಲ. ಊರೂರಿನಲ್ಲಿಯೂ ಹೀಗೆಯೇ ಆಯಿತು. ಅಮ್ಮಂದಿರು ಹೆಣ್ಣುಮಕ್ಕಳ ಕೈಹಿಡಿದು ಕರೆತಂದರು.

ಸರ್ಕಾರವೂ ಹಿಂದೆ ಬೀಳಲಿಲ್ಲ. ‘ರಾಷ್ಟ್ರ ಗೌರವ ಪ್ರಶಸ್ತಿ’ಯನ್ನು ಆಗಸ್ಟಿನಲ್ಲಿ ತಂಡಕ್ಕೆ ಒಪ್ಪಿಸಿದರು, ವ್ಯಕ್ತಿಗಳಿಗಲ್ಲದೆ ಒಂದು ತಂಡಕ್ಕೆ ಅದು ಸಂದದ್ದು ಅದೇ ಮೊದಲು. ಜತೆಗೆ ಕೊಟ್ಟ ಉಡುಗೊರೆ ಏನೆಂದುಕೊಂಡಿರಿ? ಕುಮಾನೊ ಎಂಬ ಊರಿನ ಕುಶಲಕರ್ಮಿಗಳು ತಯಾರಿಸಿದ, ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವ ಕುಂಚಗಳು. ಕುಂಚಗಳು ಬಹು ನವುರಾದವೆಂದು ಕೀರ್ತಿ ಪಡೆದಿವೆ, ನಿಜ. ಆದರೆ ಗಂಡಸರ ತಂಡ ಗೆದ್ದಿದ್ದರೆ ಮಂತ್ರಿಗಳು ಕ್ಷೌರದ ಕತ್ತಿಯನ್ನು ಕೊಡುತ್ತಿದ್ದರೆ ಎಂದು ನನ್ನ ಮನೆಯಾಕೆ ಕೇಳಿದಾಗ ನನಗೆ ಉತ್ತರ ತೋಚಲಿಲ್ಲ.

ಸೆಪ್ಟೆಂಬರಿನಲ್ಲಿ ಒಲಿಂಪಿಕ್ಸ್‌ನ ಅರ್ಹತಾ ಪಂದ್ಯಗಳಿಗಾಗಿ ಇನ್ನೊಂದು ವಿರಾಮ. ಬಳಿಕ ಶರತ್ಕಾಲದ ಪಂದ್ಯಗಳು. ಕೋಬೆಯ ಸಿಂಹಿಣಿಯರು ಹದಿನಾರು ಪಂದ್ಯಗಳಲ್ಲಿ ಒಂದರಲ್ಲಿಯೂ ಸೋಲದೆ ಮೊತ್ತಮೊದಲ ಬಾರಿಗೆ ಲೀಗ್ ಪ್ರಶಸ್ತಿಯನ್ನು ಗೆದ್ದುಕೊಂಡರು. ಗೋಲುಗಳ ಲೆಕ್ಕದಲ್ಲಿ ಕವಸುಮಿಯೂ ಓನೊಳೂ ಸರಿಸಾಟಿಯಾಗಿ ಮೊದಲಿಗರಾದರು. 2012ರ ಜನವರಿಯಲ್ಲಿ ಜ್ಯೂರಿಕ್ ನಗರದಲ್ಲಿ, 2011ರ ವಿಶ್ವದ ಶ್ರೇಷ್ಠ ಆಟಗಾರ್ತಿ ಎಂಬ ಗೌರವವನ್ನು ಸಾವಾ ಕಿಮೋನೊ ಉಟ್ಟು ಸ್ವೀಕರಿಸಿದಳು. ಅವಳ ಕಡೆಯ ಆಟವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: 2015ರ ಡಿಸೆಂಬರ್ 27, ಸಾಮ್ರಾಜ್ಞಿ ಕಪ್ಪಿನ ಫೈನಲ್, ನಿಯೀಗಾತಾ ತಂಡದ ಮೇಲೆ ಕೋಬೆಗೆ 1-0 ಜಯ. ಆ ಒಂದು ಗೋಲು ಮೂವತ್ತೇಳು ವರ್ಷದ ಸಾವಾ ತಲೆಯಿಂದ ಹೊಡೆದದ್ದು.

ಇನ್ನು ಮರೀಜ್. ವರ್ಷವೆಲ್ಲ ಕಾದರೂ ಕಂಪೆನಿ ತಂಡವನ್ನು ಮತ್ತೆ ಎತ್ತಿ ನಿಲ್ಲಿಸುವಂತಿರಲಿಲ್ಲ. ಪರಿಹಾರಕ್ಕೆ ಕಾದು ನಿಂತ ಜನರ ಎದುರು ಅದು ಆಟದ ಮಾತೆತ್ತುವುದಾದರೂ ಹೇಗೆ? ಅದೇ ಭೂಕಂಪದಲ್ಲಿ ನೊಂದ ಸೆಂದಾಯ್ ನಗರದ ವೆಗಾಲ್ಟಾ ಕ್ಲಬ್ಬು ಕೈನೀಡಿತು. 2012ರಲ್ಲಿ ಅಲ್ಲಿ ಹೊಸ ಹೆಸರಿನ ವನಿತಾ ತಂಡ ಹುಟ್ಟಿತು; ಚದುರಿಹೋಗಿದ್ದವರಲ್ಲಿ ಅನೇಕರು ಅಲ್ಲಿ ಬಂದು ಕೂಡಿಕೊಂಡರು. ಕೆಳಗಿನ ದರ್ಜೆಯಿಂದ ಆರಂಭಿಸಿ, ಒಂದೇ ವರ್ಷದಲ್ಲಿ ಮೇಲೇರಿ, 2013ಕ್ಕೆ ಮತ್ತೆ ಮೊದಲ ದರ್ಜೆಯ ಲೀಗಿನಲ್ಲಿ ಆಡಿದರು. ಸಮೆಶಿಮಾ ಕೂಡ ವಿದೇಶದಿಂದ ಹಿಂತಿರುಗಿ ಆ ತಂಡಕ್ಕೆ ಆಡಿದಳು. 2021ರ ಸೆಪ್ಟೆಂಬರಿನಲ್ಲಿ ಜಪಾನ್ ತನ್ನ ಮೊದಲ ವೃತ್ತಿಪರ ವನಿತಾ ಲೀಗನ್ನು ತೆರೆದಾಗ, ಹನ್ನೊಂದು ತಂಡಗಳಲ್ಲಿ ಸೆಂದಾಯಿಯದೂ ಒಂದಾಗಿತ್ತು.

ಜೆ ವಿಲೇಜಿನ ಮೈದಾನಗಳಲ್ಲಿ ಹಾಸಿದ್ದ ಜಲ್ಲಿಯನ್ನು ತೆಗೆದು, ಹೊಸ ಮಣ್ಣು ತುಂಬಿ, ಹುಲ್ಲು ನೆಟ್ಟರು. 2018ರ ಜುಲೈನಲ್ಲಿ ಕೆಲವು ಮೈದಾನಗಳನ್ನೂ, 2019ರ ಏಪ್ರಿಲಿನಲ್ಲಿ ಉಳಿದೆಲ್ಲವನ್ನೂ ಆಟಕ್ಕೆ ಬಿಟ್ಟುಕೊಟ್ಟರು.