ಸಗಣಿಯ ಅನಿಲವೂ ಹೊರದೇಶದ ಹಣವೂ

ಮಾಸ್ತಿ ಸೀಮೆಯ ರೈತರಿಗೆ ಸಗಣಿಯ ಬೆಲೆಯನ್ನು ಹೇಳಿಕೊಡಬೇಕಾದುದಿಲ್ಲ. ರಾಗಿಯ ಹೊಲಕ್ಕೆ ತಿಪ್ಪೆಗೊಬ್ಬರವೇ ಆಧಾರವೆಂಬುದನ್ನು ಅವರು ತಲೆತಲಾಂತರದಿಂದ ಬಲ್ಲರು. ಆದರೆ ಅದೇ ಸಗಣಿಯಿಂದ ಅನಿಲವನ್ನು ಪಡೆದು ಒಲೆ ಉರಿಸಿದಲ್ಲಿ ಹೊರದೇಶದವರೂ ಹಣ ಕೊಡುವರೆಂಬುದು ಹೊಸ ಮಾತು. ಇಂತಹ ಕರಾರಿಗೆ ರುಜು ಹಾಕುವ ಮೊದಲು ಗ್ರಾಮದ ಯಜಮಾನರೂ ಭೂಮಾಲಿಕರೂ ಅದರ ಲೆಕ್ಕವನ್ನು ತಿಳಿದಿರುವುದು ಅವಶ್ಯಕ.

ಕಲ್ಲಿದ್ದಲು, ಎಣ್ಣೆ ಮುಂತಾದವನ್ನು ಸುಡುವುದರಿಂದಲೂ ಕಾಡನ್ನು ಕಡಿಯುವುದರಿಂದಲೂ ಗಾಳಿಯಲ್ಲಿ ಇಂಗಾಲಾಮ್ಲ ವಾಯು ಹೆಚ್ಚಿ ಭೂಮಿಯ ಶಾಖವು ಏರುತ್ತಿರುವುದು. ಇದನ್ನು ತಗ್ಗಿಸಲು ಕೈಗಾರಿಕೆಯಲ್ಲಿ ಮುಂದುವರಿದ ದೇಶಗಳಿಗಾಗಿ 1997ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಒಪ್ಪಂದವಾಯಿತು. ಭಾರತದಂತಹ ದೇಶಗಳಲ್ಲಿ ತಗ್ಗಿದ ವಾಯುವಿನ ಪ್ರಮಾಣವನ್ನು ಕ್ರಯಕ್ಕೆ ಕೊಂಡು ತಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಲು ಆ ದೇಶಗಳಿಗೆ ಅವಕಾಶ ದೊರೆಯಿತು. ಒಂದು ಟನ್ನಿಗೆ ಒಂದು ಪ್ರಮಾಣಪತ್ರ. ಆದುದರಿಂದ ಈ ಹಣವು ದಾನವಲ್ಲ. ಅಳೆದು ಮಾರಿದ ಸರಕಿನ ಬೆಲೆ.

ಈ ಏರ್ಪಾಡಿನ ದೃಷ್ಟಾಂತವು ಹಳೆಯ ಕೋಲಾರ ಜಿಲ್ಲೆಯಲ್ಲಿಯೇ ಇರುವುದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಬಾಗೇಪಲ್ಲಿಯ ಕೂಲಿ ಸಂಘದವರು, ತಲಾ 2 ಘನ ಮೀಟರಿನ 5,500 ಗೋಬರ್ ಗ್ಯಾಸ್ ತೊಟ್ಟಿಗಳ ಯೋಜನೆಯನ್ನು 2005ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಂಡಲಿಯಲ್ಲಿ ನೋಂದಾಯಿಸಿದರು. ಸೌದೆಯೂ ಸೀಮೆಎಣ್ಣೆಯೂ ಉಳಿದಷ್ಟು ಪ್ರಮಾಣಪತ್ರವೆಂಬುದೇ ಅದರ ಆಧಾರ.

ಈ ಸರಕಿಗೂ ಸಂತೆಯ ಧಾರಣೆಯಂತೆ ಏರಿಳಿತವುಂಟು. 2008ರಲ್ಲಿ ಯೂರೋಪಿನ ಪೇಟೆಯಲ್ಲಿ 20 ಯೂರೋಗಳಿಗೆ ಮೀರಿದ್ದ ಪತ್ರವು 2012ರ ಕೊನೆಗೆ ಒಂದು ಯೂರೋವಿಗಿಂತಲೂ ಕೆಳಗಿಳಿಯಿತು. ಒಂದು ಮನೆಯಿಂದ ವರ್ಷಕ್ಕೆ 3 ಟನ್ನು ಉಳಿಯಿತೆಂದು ಇಟ್ಟುಕೊಂಡರೆ, ಪೇಟೆಯ ದರದಲ್ಲಿ 60 ಯೂರೋ ಬರುತ್ತಿದ್ದ ಕಡೆ 3 ಯೂರೋ ಸಹ ಬಾರದು. ಈ ಹಣವನ್ನೇ ನಂಬಿ ಸಾಲ ಮಾಡಿದವನ ಗತಿಯನ್ನು ವಿವರಿಸಬೇಕಾಗಿಲ್ಲ. ಕ್ಯೋಟೋ ಏರ್ಪಾಡಿನ ಸ್ಥಾನಕ್ಕೆ 2015ರ ಪ್ಯಾರಿಸ್ ಒಪ್ಪಂದವು ಬಂದಿದ್ದರೂ ಕೊಂಡು ಮಾರುವ ತತ್ತ್ವವು ಉಳಿದಿದೆ.

ತೊಟ್ಟಿಯ ಸ್ವಂತ ಲಾಭವಾದರೋ ಪೇಟೆಯನ್ನು ಅವಲಂಬಿಸಿಲ್ಲ. 2 ಘನ ಮೀಟರಿನ ತೊಟ್ಟಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿಯೂ ಅಷ್ಟೇ ನೀರೂ ಬೇಕು. ಎಂದರೆ ನಾಲ್ಕೈದು ರಾಸುಗಳಿರಬೇಕು. ಬೆರಣಿ ಸುಟ್ಟರೆ ಗೊಬ್ಬರದ ಸತ್ತ್ವವು ಹೊಗೆಯಾಗಿ ಹೋಗುವುದು. ತೊಟ್ಟಿಯಲ್ಲಾದರೆ ಅನಿಲವು ಒಲೆಗೂ ಸತ್ತ್ವವುಳ್ಳ ಬಗ್ಗಡವು ಹೊಲಕ್ಕೂ ದೊರೆಯುವುದು. ಹೆಂಗಸರ ಕಣ್ಣಿಗೂ ಎದೆಗೂ ಹೊಗೆಯ ಬಾಧೆ ತಪ್ಪುವುದು.

ಆದುದರಿಂದ ಯಜಮಾನರು ಗಮನಿಸತಕ್ಕ ಅಂಶಗಳಿವು:

1. ಅನಿಲ ಮತ್ತು ಗೊಬ್ಬರದಿಂದಲೇ ಖರ್ಚು ತೀರುವಂತಿದ್ದರೆ ಮಾತ್ರ ತೊಟ್ಟಿ ಕಟ್ಟಿಸಬೇಕು. ಪತ್ರದ ಹಣವನ್ನು ಮೇಲಾದಾಯವೆಂದು ಎಣಿಸಬೇಕು.

2. ದರವು ನಿಗದಿಯೋ ಪೇಟೆಯಂತೆಯೋ, ಅಳತೆ ತಪಾಸಣೆಗಳ ವೆಚ್ಚ ಯಾರದು, ಮನೆಯವರ ಪಾಲೆಷ್ಟು, ಇವು ಕರಾರಿನಲ್ಲಿ ಕನ್ನಡದಲ್ಲಿ ಬರೆದಿರಬೇಕು.

3. ತೊಟ್ಟಿಯು ನಡೆದ ದಿನಗಳನ್ನೂ ಕೆಟ್ಟ ದಿನಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಲೆಕ್ಕವಿಲ್ಲದ ತೊಟ್ಟಿಗೆ ಪ್ರಮಾಣಪತ್ರವಿಲ್ಲ.

4. ಬಂದ ಹಣದಲ್ಲಿ ಒಂದು ಭಾಗವನ್ನು ದುರಸ್ತಿಗೆ ತೆಗೆದಿಡಬೇಕು. ಬಿರುಕಿನಿಂದ ಸೋರುವ ಅನಿಲವು ಇಂಗಾಲಾಮ್ಲಕ್ಕಿಂತ ಅನೇಕ ಪಾಲು ಹೆಚ್ಚು ಶಾಖವನ್ನು ಹಿಡಿದಿಡುವುದು. ಮನೆಗೂ ನಷ್ಟ, ಲೋಕಕ್ಕೂ ಕೇಡು.