ಇಸುಬು: ದೋಷ ಒಳಗಿನದೋ, ಹೊರಗಿನದೋ?

ಮಗುವಿನ ಮೈಮೇಲೆ ಇಸುಬು ಎದ್ದರೆ ನಮ್ಮ ಕಡೆ ಅಡುಗೆಮನೆಯಲ್ಲಿ ಮೊದಲು ನಿಲ್ಲುವುದು ಬದನೆಕಾಯಿ. ಅದು ನಂಜು. ಆಮೇಲೆ ಒಣಮೀನು, ಹಲಸಿನಹಣ್ಣು. ರಕ್ತ ಕೆಟ್ಟಿದೆ ಎಂದು ಯಾರಾದರೊಬ್ಬರು ಬೇವಿನ ಕಷಾಯವನ್ನೂ ಕುಡಿಸುತ್ತಾರೆ. ಇದನ್ನು ಕೇಳಿ ನಗುವ ಮೊದಲು ಒಂದು ಮಾತು: ವೈದ್ಯವಿಜ್ಞಾನವೂ ಬಹುಕಾಲ ಇದೇ ದಿಕ್ಕಿಗೆ ನೋಡುತ್ತಿತ್ತು. ಮೊಣಕೈ, ಮಂಡಿಗಳ ಮಡಿಕೆಯಲ್ಲಿ ಕಾಣಿಸಿಕೊಳ್ಳುವ ಈ ಇಸುಬಿಗೆ 1933ರಲ್ಲಿ ‘ಅಟೋಪಿಕ್ ಡರ್ಮಟೈಟಿಸ್’ ಎಂಬ ಹೆಸರು ಬಿತ್ತು. ಅಂದರೆ ಆಸ್ತಮಾದಂಥ ಅಲರ್ಜಿಗಳ ಬಳಗಕ್ಕೆ ಅದನ್ನು ಸೇರಿಸಿದರು. ಎಷ್ಟೋ ರೋಗಿಗಳ ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯ ಹೆಚ್ಚಿರುವುದು ಮುಂದೆ ತಿಳಿದಾಗ, ದೋಷ ಒಳಗಿನದು, ಚರ್ಮ ಬರೀ ಅದನ್ನು ತೋರಿಸುವ ಜಾಗ ಎಂಬ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಆ ಚರ್ಮದ ತೀರಾ ಹೊರಪದರ ಸತ್ತ ಕೋಶಗಳದ್ದು. ಅಂಗೈ, ಅಂಗಾಲು ಬಿಟ್ಟರೆ ಮೈಯ ಬಹುಭಾಗದಲ್ಲಿ ಅದರ ದಪ್ಪ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ನೀರನ್ನು ಒಳಗೆ ಹಿಡಿದು, ಧೂಳು, ಸೋಪು, ಸೂಕ್ಷ್ಮಾಣುಗಳನ್ನು ಆಚೆಗೇ ತಡೆಯುವುದು ಇಷ್ಟು ತೆಳುವಾದ ಈ ಪದರವೇ. ಅಮೆರಿಕದ ಚರ್ಮವಿಜ್ಞಾನಿ ಪೀಟರ್ ಇಲಿಯಾಸ್ ಇದನ್ನು ಇಟ್ಟಿಗೆ ಗಾರೆಯ ಗೋಡೆ ಎಂದರು. ಚಪ್ಪಟೆಯಾದ ಸತ್ತ ಕೋಶಗಳು ಇಟ್ಟಿಗೆ. ಅವುಗಳ ನಡುವೆ ತುಂಬಿಕೊಂಡ ಸೆರಮೈಡ್, ಕೊಲೆಸ್ಟೆರಾಲ್ ಮತ್ತು ಕೊಬ್ಬಿನಾಮ್ಲಗಳು ಗಾರೆ. (ಹೌದು, ಹೃದಯವೈದ್ಯರು ಬೈಯುವ ಅದೇ ಕೊಲೆಸ್ಟೆರಾಲ್. ಇಲ್ಲಿ ಅದಿಲ್ಲದಿದ್ದರೆ ಮೈಯೇ ಸೋರುತ್ತದೆ.) ಒಂದೇ ವ್ಯತ್ಯಾಸವೆಂದರೆ ಈ ಗೋಡೆ ಎಂದೂ ಕಟ್ಟಿ ಮುಗಿಯುವುದಿಲ್ಲ. ಕೆಳಗಿನಿಂದ ಹೊಸ ಸಾಲು ಏರುತ್ತಿರುತ್ತದೆ, ಮೇಲಿನದು ಕಣ್ಣಿಗೆ ಕಾಣದಂತೆ ಉದುರುತ್ತಿರುತ್ತದೆ.

ಕೋಶ ಸಾಯುವ ಹಂತಕ್ಕೆ ಬಂದಾಗ ಫಿಲಾಗ್ರಿನ್ ಎಂಬ ಪ್ರೋಟೀನು ಅದರೊಳಗಿನ ಕೆರಾಟಿನ್ ಎಳೆಗಳನ್ನು ಬಿಗಿದು ಕಟ್ಟಿ ಕೋಶವನ್ನು ಚಪ್ಪಟೆ ಮಾಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಲಿಲ್ಲ. ಮೇಲಿನ ಸಾಲುಗಳನ್ನು ತಲುಪುವ ಹೊತ್ತಿಗೆ ಅದು ತಾನೇ ಚೂರುಚೂರಾಗಿ ಅಮೈನೋ ಆಮ್ಲಗಳಾಗಿರುತ್ತದೆ. ಇವು ನೀರು ಹಿಡಿದಿಡುತ್ತವೆ, ಚರ್ಮವನ್ನು ತುಸು ಆಮ್ಲೀಯವಾಗಿಡಲೂ ನೆರವಾಗುತ್ತವೆ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ತಂಡ, ಚರ್ಮ ಒಣಗಿ ಹುರುಪೆ ಏಳುವ ಒಂದು ಆನುವಂಶಿಕ ಕಾಯಿಲೆಗೆ ಫಿಲಾಗ್ರಿನ್ ಜೀನಿನ ದೋಷವೇ ಕಾರಣ ಎಂದು ಪತ್ತೆಹಚ್ಚಿತು. ಅದೇ ವರ್ಷ, ಡಬ್ಲಿನ್ನಿನ ಆಲನ್ ಅರ್ವೈನ್ ಮೊದಲಾದವರೊಂದಿಗೆ ಸೇರಿ, ಅದೇ ದೋಷ ಇಸುಬಿಗೂ ದಾರಿ ಮಾಡಿಕೊಡುತ್ತದೆ ಎಂದು ತೋರಿಸಿತು. ಯುರೋಪಿನಲ್ಲಿ ಹೆಚ್ಚುಕಡಿಮೆ ಹತ್ತು ಜನರಲ್ಲಿ ಒಬ್ಬರಿಗೆ ಈ ದೋಷವಿದೆ. ಏಷ್ಯಾದವರಲ್ಲಿ ಜೀನು ಕೆಡುವ ಜಾಗಗಳು ಬಹುಪಾಲು ಬೇರೆ. ಈ ದೋಷವಿರುವವರ ಅಂಗೈಯಲ್ಲಿ ಗೆರೆಗಳು ಹೆಚ್ಚು, ಆಳವೂ ಹೆಚ್ಚು. ಹಸ್ತಸಾಮುದ್ರಿಕದವರು ಅವುಗಳಲ್ಲಿ ಏನು ಓದುತ್ತಾರೋ ಕಾಣೆ, ಚರ್ಮವೈದ್ಯರು ಓದುವುದು ಫಿಲಾಗ್ರಿನ್ ಕೊರತೆಯನ್ನು.

ಗೋಡೆ ಸಡಿಲವಾದರೆ ನೀರು ಆರಿಹೋಗುವುದು ತೊಂದರೆಯ ಒಂದು ಭಾಗ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5. ಸಾಮಾನ್ಯ ಸೋಪಿನದು 9ರಿಂದ 10. ಆಮ್ಲ ಕಡಿಮೆಯಾದಂತೆ ಕೋಶಗಳ ನಡುವಿನ ಬೆಸುಗೆ ಕತ್ತರಿಸುವ ಕಿಣ್ವಗಳು ಚುರುಕಾಗುತ್ತವೆ, ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ನೆಲೆಯೂರುತ್ತದೆ. ಆಚೆಯಿಂದ ಒಳನುಗ್ಗುವವುಗಳ ಕತೆ ಇನ್ನೂ ಸ್ವಾರಸ್ಯದ್ದು. ಬ್ರಿಟನ್ನಿನಲ್ಲಿ ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಯಾಕೆ ಬರುತ್ತದೆ ಎಂದು ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಹುಡುಕಿದರು. ಬಸುರಿನಲ್ಲಿ ತಾಯಿ ಕಡಲೆಕಾಯಿ ತಿಂದದ್ದಕ್ಕೂ ಅಲರ್ಜಿಗೂ ನಂಟು ಕಾಣಲಿಲ್ಲ. ಕಂಡದ್ದು, ಮಗುವಿನ ಕೆಂಪು ಚರ್ಮಕ್ಕೆ ಕಡಲೆಕಾಯಿ ಎಣ್ಣೆ ಬೆರೆತ ಮುಲಾಮು ಹಚ್ಚಿದ್ದಕ್ಕೂ ಅಲರ್ಜಿಗೂ ಇದ್ದ ನಂಟು. ಅದು 2003ರ ವರದಿ. ಲ್ಯಾಕ್ ಅಲ್ಲಿಗೆ ಬಿಡಲಿಲ್ಲ. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳಲ್ಲಿ ಒಂದು ಗುಂಪಿಗೆ ಕಡಲೆಕಾಯಿ ತಿನ್ನಿಸುತ್ತ ಬಂದರು, ಇನ್ನೊಂದಕ್ಕೆ ಮುಟ್ಟಿಸಲಿಲ್ಲ. ಐದು ವರ್ಷ ತುಂಬುವಾಗ ಮುಟ್ಟದವರಲ್ಲಿ ಶೇ 17.2 ಮಕ್ಕಳಿಗೆ ಅಲರ್ಜಿ ಇತ್ತು, ತಿಂದವರಲ್ಲಿ ಶೇ 3.2. ಫಲಿತಾಂಶ 2015ರಲ್ಲಿ ಹೊರಬಂತು. ಬಾಯಿಂದ ಬಂದದ್ದನ್ನು ಸಹಿಸಲು ಕಲಿಯುವ ದೇಹ, ಬಿರಿದ ಚರ್ಮದಿಂದ ನುಸುಳಿದ್ದನ್ನು ಹಗೆಯೆಂದು ಬಗೆಯುತ್ತದೆ ಎಂಬುದು ಇದರ ಹಿಂದಿನ ವಿವರಣೆ. ವೈದ್ಯರನ್ನು ಕೇಳದೆ ಮಗುವಿನ ತಟ್ಟೆಯಿಂದ ಒಂದೊಂದೇ ಪದಾರ್ಥ ತೆಗೆಯುವವರು ಇದನ್ನೊಮ್ಮೆ ಯೋಚಿಸಬೇಕು.

ಇಷ್ಟೆಲ್ಲ ತಿಳಿದ ಮೇಲೆ ಉಪಾಯ ಹೊಳೆಯಲೇಬೇಕಲ್ಲ: ಹುಟ್ಟಿದಾಗಿನಿಂದಲೇ ಮಾಯಿಶ್ಚರೈಸರ್ ಹಚ್ಚಿದರೆ ಇಸುಬೇ ಬರುವುದಿಲ್ಲ! 2014ರ ಎರಡು ಸಣ್ಣ ಪ್ರಯೋಗಗಳು ಹೌದೆಂದವು. 2020ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಬ್ರಿಟನ್ನಿನದರಲ್ಲಿ 1,394 ಕೂಸುಗಳು, ನಾರ್ವೆ ಮತ್ತು ಸ್ವೀಡನ್ನಿನದರಲ್ಲಿ 2,397. ಎರಡರಲ್ಲೂ ಇಸುಬು ತಪ್ಪಲಿಲ್ಲ. ಬ್ರಿಟನ್ನಿನಲ್ಲಿ ಹಚ್ಚಿಸಿಕೊಂಡ ಕೂಸುಗಳಿಗೆ ಚರ್ಮದ ಸೋಂಕು ತುಸು ಹೆಚ್ಚೇ ಆಗಿತ್ತು. ನನಗಂತೂ ಈ ಸೋಲು 2006ರ ಗೆಲುವಿಗಿಂತ ಹೆಚ್ಚು ಕಲಿಸಿತು ಎನ್ನಿಸುತ್ತದೆ.

ಏಕೆಂದರೆ ದೋಷಪೂರಿತ ಜೀನು ಇದ್ದೂ ಇಸುಬು ಬಾರದವರು ಬಹಳ. ಜೀನು ಸರಿಯಿದ್ದೂ ನರಳುವವರೂ ಬಹಳ. ಈ ಎರಡನೆಯವರಲ್ಲಿ ಆಗುವುದು ತಿರುಗುಮುರುಗು. ಉರಿಯೂತದ ವೇಳೆ ರಕ್ಷಣಾ ಕೋಶಗಳು ಬಿಡುವ ಐಎಲ್-4, ಐಎಲ್-13 ಎಂಬ ಸಂಕೇತಗಳು ಫಿಲಾಗ್ರಿನ್ ತಯಾರಿಕೆಯನ್ನೇ ಇಳಿಸುತ್ತವೆ. ಜೀನು ಚೆನ್ನಾಗಿದೆ, ಅದನ್ನು ಓದುವವರಿಲ್ಲ. ಅತ್ತ, ಕೆಟ್ಟ ಚರ್ಮದ ಕೋಶಗಳು ಟಿಎಸ್‌ಎಲ್‌ಪಿ ಎಂಬ ಪ್ರೋಟೀನು ಸೂಸಿ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತವೆ; ಇಲಿಗಳಲ್ಲಿ ಅದು ನರಗಳನ್ನೇ ನೇರ ಮುಟ್ಟಿ ನವೆ ಹುಟ್ಟಿಸಿದ್ದು 2013ರಲ್ಲಿ ಗೊತ್ತಾಯಿತು. ನವೆ ಎಂದ ಮೇಲೆ ಉಗುರು, ಉಗುರು ಎಂದ ಮೇಲೆ ಇನ್ನಷ್ಟು ಬಿರುಕು. ಆ ಎರಡು ಸಂಕೇತಗಳನ್ನು ತಡೆಯುವ ಡ್ಯುಪಿಲುಮ್ಯಾಬ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಮದ್ದು ಕೆಲಸ ಮಾಡುವುದು ಒಳಗೆ, ಸುಧಾರಿಸುವುದರಲ್ಲಿ ಹೊರಗಿನ ತಡೆಗೋಡೆಯೂ ಸೇರಿದೆ.

ಹಾಗಾಗಿ ಇಸುಬು ಬಂದವರಿಗೆ ಮುಲಾಮು ಬೇಕೇ ಬೇಕು. ಬರದಂತೆ ತಡೆಯಲಾರದ್ದು ಬಂದ ಮೇಲೆ ಹತೋಟಿಯಲ್ಲಿಡಲು ನೆರವಾಗುತ್ತದೆ. ಯಾವಾಗ ಹಚ್ಚಬೇಕೆಂಬುದಕ್ಕೆ ಇರ್ವಿನ್ ಬ್ಲಾಂಕ್ 1952ರಲ್ಲೇ ಸುಳಿವು ಕೊಟ್ಟಿದ್ದರು. ಒಣಗಿದ ಆಣಿಯ ತುಂಡನ್ನು ಅವರು ಎಣ್ಣೆಯಲ್ಲಿಟ್ಟರು, ಅದು ಮೆತ್ತಗಾಗಲಿಲ್ಲ, ನೀರಿನಲ್ಲಿಟ್ಟರು, ಮೆತ್ತಗಾಯಿತು. ಎಣ್ಣೆಯ ಕೆಲಸ ನೀರನ್ನು ಹೋಗಗೊಡದಿರುವುದು, ಆದ್ದರಿಂದ ಸ್ನಾನವಾಗಿ ಮೈ ಇನ್ನೂ ಹಸಿಯಿರುವಾಗಲೇ ಹಚ್ಚಬೇಕು. ಎಲ್ಲ ಎಣ್ಣೆಯೂ ಒಂದೇ ಅಲ್ಲ. ಪೇಟೆಯ ಮನೆಗಳಲ್ಲಿ ಮಗುವಿನ ಮೈಗೆ ಅಕ್ಕರೆಯಿಂದ ತಿಕ್ಕುವ ಆಲಿವ್ ಎಣ್ಣೆ, ವಯಸ್ಕರ ಮುಂಗೈ ಮೇಲೆ ಪರೀಕ್ಷಿಸಿದಾಗ ತಡೆಗೋಡೆಯನ್ನು ಕೆಡಿಸಿತ್ತು. ನಮ್ಮ ಕೊಬ್ಬರಿ ಎಣ್ಣೆಗೆ ಅದೃಷ್ಟ ಮೇಲು: ಫಿಲಿಪ್ಪೀನ್ಸಿನಲ್ಲಿ ಇಸುಬಿನ ಮಕ್ಕಳಿಗೆ ಶುದ್ಧ ತೆಂಗಿನೆಣ್ಣೆ ಹಚ್ಚಿ ನೋಡಿದಾಗ ಖನಿಜ ತೈಲಕ್ಕಿಂತ ಚೆನ್ನಾಗಿ ನೀರು ಉಳಿಸಿತು.

ಇನ್ನು ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಟ್ಯೂಬು. ಸ್ಟೀರಾಯ್ಡ್, ಆಂಟಿಬಯಾಟಿಕ್, ಹುಳುಕಡ್ಡಿಯ ಮದ್ದು ಮೂರೂ ಒಂದರಲ್ಲೇ. ವೈದ್ಯರು ಹೇಳಿದಷ್ಟು ದಿನ ಹಚ್ಚುವ ಸ್ಟೀರಾಯ್ಡಿಗೆ ಹೆದರಬೇಕಿಲ್ಲ, ಉರಿಯೂತ ಇಳಿಸಲು ಅದು ಬೇಕು. ಆದರೆ ಪ್ರಬಲ ಸ್ಟೀರಾಯ್ಡು ಉರಿಯೂತ ತಣಿಸುತ್ತಲೇ ಗಾರೆಯ ತಯಾರಿಕೆಯನ್ನೂ ತಗ್ಗಿಸುತ್ತದೆ. ನವೆ ಎರಡು ದಿನದಲ್ಲಿ ಇಳಿಯಿತೆಂದು ತಿಂಗಳುಗಟ್ಟಲೆ ಬಳಿದುಕೊಂಡವರ ಚರ್ಮ ತೆಳುವಾಗುತ್ತದೆ, ಟ್ಯೂಬು ಬಿಟ್ಟೊಡನೆ ಇಸುಬು ಮತ್ತೆ ಏಳುತ್ತದೆ.